ಬರೆದದ್ದನ್ನು ತಾನೇ ಓದಲಾರದವರು

1887ರ ಅಕ್ಟೋಬರ್ ತಿಂಗಳು. ಪ್ಯಾರಿಸ್ ನಗರದ ಒಬ್ಬ ವ್ಯಾಪಾರಿ, ವಯಸ್ಸು 68, ಸಂಗೀತಪ್ರಿಯ, ಚೆನ್ನಾಗಿ ಓದಿಕೊಂಡ ಮನುಷ್ಯ. ಒಂದು ದಿನ ಇದ್ದಕ್ಕಿದ್ದಂತೆ ಅವನಿಗೆ ಒಂದು ಪದವನ್ನೂ ಓದಲು ಆಗಲಿಲ್ಲ. ಮಾತು ಸರಿಯಾಗಿತ್ತು. ಮನೆಯವರ ಮುಖ, ಮೇಜು, ಕುರ್ಚಿ, ಬೀದಿ ಎಲ್ಲ ಗುರುತು ಸಿಗುತ್ತಿತ್ತು. ಅಕ್ಷರ ಮಾತ್ರ ಇಲ್ಲ. ಕನ್ನಡಕ ಬದಲಾಯಿಸಿದರೆ ಸರಿಹೋದೀತು ಎಂದುಕೊಂಡು ಆತ ಲ್ಯಾಂಡೋಲ್ಟ್ ಎಂಬ ಕಣ್ಣಿನ ಡಾಕ್ಟರ ಬಳಿ ಹೋದ. ಡಾಕ್ಟರು ಗೋಡೆಯ ಮೇಲಿನ ಅಕ್ಷರ ತೋರಿಸಿದರೆ, ‘ಎ’ ಅಕ್ಷರವನ್ನು ಚಿತ್ರಕಾರರ ಸ್ಟ್ಯಾಂಡಿನಂತಿದೆ ಅಂದ, ‘ಝಡ್’ ಹಾವಿನಂತಿದೆ ಅಂದ, ‘ಪಿ’ ಬೆಲ್ಟಿನ ಬಕಲ್ಲಿನಂತಿದೆ ಅಂದ. ಅಂದರೆ ಕಣ್ಣು ಆಕಾರವನ್ನು ಸರಿಯಾಗಿಯೇ ಕಾಣುತ್ತಿತ್ತು. ಅದು ಅಕ್ಷರ ಎಂಬುದಷ್ಟೇ ಹೊಳೆಯುತ್ತಿರಲಿಲ್ಲ.

ಇದಕ್ಕಿಂತ ವಿಚಿತ್ರ ಮುಂದಿದೆ. ಆತ ಬರೆಯಬಲ್ಲವನಾಗಿದ್ದ. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ, ತಾನಾಗಿಯೂ ಬರೆಯುತ್ತಿದ್ದ. ಆದರೆ ಸ್ವಲ್ಪ ಹೊತ್ತಿನ ಮೇಲೆ ಅದೇ ಕಾಗದವನ್ನು ಮುಂದಿಟ್ಟರೆ ತಾನೇ ಬರೆದದ್ದನ್ನು ಓದಲಾರ! ದಿನಪತ್ರಿಕೆ ಯಾವುದೆಂದು ಅದರ ತಲೆಬರಹದ ಆಕಾರದಿಂದ ಗುರುತಿಸುತ್ತಿದ್ದ, ಒಳಗಿನ ಒಂದು ಸಾಲೂ ತಿಳಿಯದು. ಮತ್ತೆ, ನಮ್ಮಂಥ ಬ್ಯಾಂಕಿನವರು ಕಿವಿ ನೆಟ್ಟಗೆ ಮಾಡಿಕೊಳ್ಳಬೇಕಾದ ಸಂಗತಿ ಎಂದರೆ, ಅಂಕಿಗಳನ್ನು ಓದುತ್ತಿದ್ದ. ಲೆಕ್ಕ ಮಾಡುತ್ತಿದ್ದ, ಇಸ್ಪೀಟ್ ಆಡುತ್ತಿದ್ದ. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹೀಗೇ ಬದುಕಿದ. 1892ರ ಜನವರಿಯಲ್ಲಿ ಮತ್ತೊಮ್ಮೆ ಪಾರ್ಶ್ವವಾಯು ಬಡಿದು ತೀರಿಕೊಂಡ. ಆಗ ಡೆಜೆರಿನ್ ಎಂಬ ಫ್ರೆಂಚ್ ನರವೈದ್ಯ ಅವನ ಮಿದುಳನ್ನು ತೆರೆದು ನೋಡಿ ಅದೇ ವರ್ಷ ವರದಿ ಬರೆದ. ವೈದ್ಯಶಾಸ್ತ್ರದಲ್ಲಿ ‘ಶುದ್ಧ ಅಲೆಕ್ಸಿಯಾ’ ಎಂಬ ಹೆಸರು ಹೊತ್ತ ಕಾಯಿಲೆಯ ಚರಿತ್ರೆ ಶುರುವಾಗುವುದು ಈ ವರದಿಯಿಂದ.

ನಾನು ಬಿ.ಕಾಂ. ಓದಿದವನು. ಮಿದುಳಿನ ವಿಷಯ ನನಗೇಕೆ ಎಂದು ನೀವು ಕೇಳಬಹುದು. ಕಾರಣ ಇದೆ, ಮುಂದೆ ಹೇಳುತ್ತೇನೆ. ಮೊದಲು ಡೆಜೆರಿನ್ ಕಂಡದ್ದೇನು ನೋಡೋಣ.

ನೋಡುವುದು ಕಣ್ಣಿನ ಕೆಲಸ ಎಂದು ನಾವು ತಿಳಿದಿರುತ್ತೇವೆ. ಕಣ್ಣು ಬರೇ ಕ್ಯಾಮೆರಾದ ಲೆನ್ಸು. ಕಂಡದ್ದು ನರದ ಮೂಲಕ ತಲೆಯ ಹಿಂಭಾಗಕ್ಕೆ, ಅಂದರೆ ದಿಂಬಿಗೆ ತಾಗುವ ಜಾಗಕ್ಕೆ ಹೋಗುತ್ತದೆ. ಹೋಗುವಾಗ ಅರ್ಧ ಅಡ್ಡ ದಾಟುತ್ತದೆ. ನಮ್ಮ ಎದುರಿನ ದೃಶ್ಯದ ಬಲ ಅರ್ಧ ಎಡ ಮಿದುಳಿಗೆ, ಎಡ ಅರ್ಧ ಬಲ ಮಿದುಳಿಗೆ. ಭಾಷೆಯ ಆಫೀಸು ಬಹಳ ಜನರಲ್ಲಿ ಎಡ ಮಿದುಳಿನಲ್ಲಿದೆ.

ಮುಂಬಯಿಯವರಿಗೆ ಇದನ್ನು ವಿವರಿಸುವುದು ಸುಲಭ. ಎಡ ಮಿದುಳು ವೆಸ್ಟರ್ನ್ ಲೈನು, ಬಲ ಮಿದುಳು ಸೆಂಟ್ರಲ್ ಲೈನು ಅನ್ನಿ. ಭಾಷೆಯ ಆಫೀಸು ಇರುವುದು ವೆಸ್ಟರ್ನ್ ಕಡೆ. ಆ ಪ್ಯಾರಿಸ್ಸಿನ ಮನುಷ್ಯನಿಗೆ ವೆಸ್ಟರ್ನ್ ಲೈನಿನ ಹಳಿಯೇ ಕಿತ್ತುಹೋಗಿತ್ತು, ಬಲಗಡೆಯ ದೃಶ್ಯವೇ ಅವನಿಗೆ ಕಾಣುತ್ತಿರಲಿಲ್ಲ. ಸೆಂಟ್ರಲ್ ಲೈನಿನ ಗಾಡಿಗಳು ಸರಿಯಾಗಿ ಬರುತ್ತಿದ್ದವು. ಆದರೆ ಅದರಲ್ಲಿ ಬಂದ ಅಕ್ಷರಗಳು ಆಫೀಸು ಸೇರಬೇಕಾದರೆ ದಾದರಿನಲ್ಲಿ ಇಳಿದು ಪಾದಚಾರಿ ಸೇತುವೆ ದಾಟಬೇಕಲ್ಲ? ಮಿದುಳಿನ ಎರಡು ಭಾಗಗಳನ್ನು ಜೋಡಿಸುವ ಆ ಸೇತುವೆಯ ಹಿಂತುದಿಯೂ ಕೆಟ್ಟಿತ್ತು. ಹೀಗಾಗಿ ಅಕ್ಷರಗಳು ಸೆಂಟ್ರಲ್ ಪ್ಲಾಟ್‌ಫಾರಂನಲ್ಲೇ ನಿಂತುಬಿಟ್ಟವು. ಆಫೀಸಿಗೆ ಏನೂ ಆಗಿರಲಿಲ್ಲ. ಅಲ್ಲಿಂದ ಕೈಗೆ ಹೋಗುವ ದಾರಿ ಬೇರೆ, ಅದು ಸರಿಯಿತ್ತು. ಅದಕ್ಕೇ ಬರೆಯುತ್ತಿದ್ದ. ಅಂಕಿ ಗುರುತಿಸುವ ಶಕ್ತಿ ಬಲ ಮಿದುಳಿಗೂ ಇದೆ ಎಂಬುದು ಈಗಿನ ವಿವರಣೆ. ಅದಕ್ಕೇ ಲೆಕ್ಕ ಉಳಿಯಿತು.

ಸ್ಕ್ಯಾನಿಂಗ್ ಇಲ್ಲದ ಕಾಲ. ಬದುಕಿದ್ದಾಗ ಬರೆದಿಟ್ಟ ಟಿಪ್ಪಣಿ ಒಂದು ಕಡೆ, ಸತ್ತ ಮೇಲೆ ತೆರೆದ ಮಿದುಳು ಇನ್ನೊಂದು ಕಡೆ. ಎರಡನ್ನೂ ಟ್ಯಾಲಿ ಮಾಡುವುದು. ನಮ್ಮ ಹಳೆಯ ಕಾಲದ ಆಡಿಟರುಗಳಂತೆ.

ಕಂಡೂ ಗುರುತಿಸಲಾರದ ಸ್ಥಿತಿ ಅಕ್ಷರಕ್ಕಷ್ಟೇ ಸೀಮಿತವಲ್ಲ. ಜರ್ಮನಿಯ ಮುಂಕ್ ಎಂಬ ವಿಜ್ಞಾನಿ ನಾಯಿಗಳ ಮಿದುಳಿನ ಹಿಂಭಾಗದಲ್ಲಿ ಒಂದು ತುಂಡು ತೆಗೆದು ನೋಡಿದ್ದ. ನಾಯಿ ಅಡ್ಡ ಬಂದದ್ದನ್ನು ತಪ್ಪಿಸಿಕೊಂಡು ಓಡಾಡುತ್ತಿತ್ತು, ಆದರೆ ಎದುರಿಗಿಟ್ಟ ಊಟ ಊಟವೆಂದು ಅದಕ್ಕೆ ತಿಳಿಯುತ್ತಿರಲಿಲ್ಲ. 1890ರಲ್ಲಿ ಲಿಸಾವರ್ ಎಂಬಾತ ಇದರಲ್ಲಿ ಎರಡು ಬಗೆ ಎಂದ. ಒಂದು, ಆಕಾರವನ್ನೇ ಕೂಡಿಸಿಕೊಳ್ಳಲಾಗದವರು. ಇನ್ನೊಂದು, ಆಕಾರ ಸರಿಯಾಗಿ ಕಂಡರೂ ಅದರ ಅರ್ಥ ತಗುಲದವರು. ಮರುವರ್ಷ, 1891ರಲ್ಲಿ, ಇದಕ್ಕೆ ‘ಅಗ್ನೋಸಿಯಾ’ ಎಂಬ ಪದ ಕೊಟ್ಟವನು ಸಿಗ್ಮಂಡ್ ಫ್ರಾಯ್ಡ್. (ಹೌದು, ಕನಸಿನ ಫ್ರಾಯ್ಡೇ. ಅವನು ಮೊದಲು ನರವೈದ್ಯ.)

ದೃಷ್ಟಿಯ ನಕ್ಷೆ ಮಾಡಿಕೊಟ್ಟದ್ದು ಯುದ್ಧ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ರೈಫಲ್ಲಿನ ಗುಂಡುಗಳು ಎಷ್ಟು ಸಣ್ಣವು, ಎಷ್ಟು ವೇಗದವು ಎಂದರೆ ತಲೆಯನ್ನು ತೂರಿಕೊಂಡು ಹೋದರೂ ಕೆಲವು ಸೈನಿಕರು ಬದುಕಿ ಉಳಿದರು. ಗಾಯಾಳುಗಳ ಪಿಂಚಣಿ ತೀರ್ಮಾನಿಸಲು ಯಾರಿಗೆ ದೃಷ್ಟಿ ಎಷ್ಟು ಹೋಗಿದೆ ಎಂದು ಅಳೆಯುವ ಕೆಲಸ ಇನೂಯೆ ಎಂಬ ಯುವ ಕಣ್ಣಿನ ವೈದ್ಯನಿಗೆ ಬಿತ್ತು. ಗುಂಡು ಹೊಕ್ಕ ಜಾಗ, ಹೊರಬಿದ್ದ ಜಾಗ, ದೃಶ್ಯದಲ್ಲಿ ಕತ್ತಲಾದ ಜಾಗ ಮೂರನ್ನೂ ಗುರುತು ಹಾಕುತ್ತಾ ಹೋಗಿ 1909ರಲ್ಲಿ ನಕ್ಷೆಯನ್ನೇ ಪ್ರಕಟಿಸಿದ. ಪಿಂಚಣಿ ಫೈಲಿನಿಂದ ಹುಟ್ಟಿದ ವಿಜ್ಞಾನ! ನಮ್ಮ ಪಿಂಚಣಿ ವಿಭಾಗದಿಂದ ಏನೇನು ಹುಟ್ಟಿದೆಯೋ ಬಿಡಿ.

ಮುಖ ಮಾತ್ರ ಗುರುತು ಸಿಗದವರೂ ಇದ್ದಾರೆ. 1947ರಲ್ಲಿ ಬೋಡಮರ್ ಎಂಬ ಜರ್ಮನ್ ವೈದ್ಯ ಅದಕ್ಕೆ ‘ಪ್ರೊಸೊಪಗ್ನೋಸಿಯಾ’ ಎಂದು ಹೆಸರಿಟ್ಟ. ಈ ವಿಷಯವನ್ನು ಜನಸಾಮಾನ್ಯರಿಗೆ ಮುಟ್ಟಿಸಿದ ಆಲಿವರ್ ಸ್ಯಾಕ್ಸ್ ಎಂಬ ಡಾಕ್ಟರಿಗೆ ಸ್ವತಃ ಈ ತೊಂದರೆ ಇತ್ತು. ಇಂಥವರು ಸ್ವರದಿಂದ, ನಡಿಗೆಯಿಂದ, ಉಡುಪಿನಿಂದ ಜನರನ್ನು ಗುರುತಿಸುತ್ತಾರೆ. ನಾವು ಯಕ್ಷಗಾನ ನೋಡುವಾಗ ಬಣ್ಣದ ಹಿಂದಿನ ಮುಖ ನೋಡುತ್ತೇವೆಯೇ? ಕಿರೀಟ, ಮುಂಡಾಸು, ಹೆಜ್ಜೆ ನೋಡಿ ಇಂಥ ವೇಷ ಅನ್ನುತ್ತೇವಲ್ಲ, ಅವರಿಗೆ ದಿನವೂ ಹಾಗೆ.

ಇಲ್ಲಿ ನನ್ನ ಕಸುಬಿನ ಒಂದು ಮಾತು. ನಾನು ಕೆಲಸಕ್ಕೆ ಸೇರಿದ 1992ರಲ್ಲಿ ನಮ್ಮ ಶಾಖೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಮಾದರಿ ಸಹಿಯ ಕಾರ್ಡುಗಳ ಟ್ರೇ ಪಕ್ಕದಲ್ಲಿ, ಚೆಕ್ಕುಗಳ ಕಟ್ಟು ಎದುರಿಗೆ. ಸಹಿಗಳು ಗುಜರಾತಿಯಲ್ಲಿ, ಮರಾಠಿಯಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ, ಹೋಟೆಲಿನವರದು ಕನ್ನಡದಲ್ಲಿ. ಉರ್ದುವಿನ ಒಂದಕ್ಷರ ನನಗೆ ಗೊತ್ತಿಲ್ಲ. ಆದರೂ ಎರಡು ವರ್ಷ ಕೂತ ಮೇಲೆ ಖಾಯಂ ಗಿರಾಕಿಗಳ ಉರ್ದು ಸಹಿಯನ್ನು ಕಾರ್ಡು ತೆಗೆಯದೆ ಗುರುತಿಸುತ್ತಿದ್ದೆ (ನಿಯಮದ ಪ್ರಕಾರ ಕಾರ್ಡು ತೆಗೆದೇ ಪಾಸು ಮಾಡುತ್ತಿದ್ದೆ, ಹೆದರಬೇಡಿ). ಅದು ಓದಲ್ಲ. ಮುಖ ಗುರುತಿಸುವಂಥದ್ದು. ಪ್ಯಾರಿಸ್ಸಿನ ವ್ಯಾಪಾರಿ ದಿನಪತ್ರಿಕೆಯ ತಲೆಬರಹ ಗುರುತಿಸಿದ್ದೂ ಹೀಗೇ ಇರಬೇಕು.

ಇನ್ನು ಕನ್ನಡದ ಕಡೆಗೆ ಬರೋಣ. ಡೆಜೆರಿನ್ನನ ವರದಿಯಾದ ಮೇಲೆ ಎಷ್ಟೋ ವರ್ಷ ಇದರ ಶಾಸ್ತ್ರವೆಲ್ಲ ಹೆಚ್ಚಾಗಿ ಫ್ರೆಂಚ್, ಜರ್ಮನ್, ಇಂಗ್ಲಿಷ್ ರೋಗಿಗಳ ಮೇಲೆ ಕಟ್ಟಿದ್ದು. ಎಲ್ಲವೂ ಎ-ಬಿ-ಸಿ-ಡಿ ಲಿಪಿ. ಜಪಾನಿನವರು ಮಾತ್ರ, ತಮ್ಮ ಕಾಂಜಿ ಮತ್ತು ಕಾನಾ ಎಂಬ ಎರಡು ಬಗೆಯ ಬರವಣಿಗೆಯಲ್ಲಿ ಒಂದು ಕೆಟ್ಟು ಇನ್ನೊಂದು ಉಳಿಯುವುದುಂಟು ಎಂದು ತೋರಿಸಿದ್ದರು. ನಮ್ಮ ಲಿಪಿಗಳು ಚಿತ್ರದಲ್ಲೇ ಇರಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ಅಲ್ಲಿ ಕೆಲಸ ಮಾಡಿದ ಪ್ರತಿಭಾ ಕಾರಂತ ಅವರು 1981ರಲ್ಲಿ ‘ಕಾರ್ಟೆಕ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ವಿಷಯ: ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲ ಒಬ್ಬರಲ್ಲಿ ಕಂಡ ಶುದ್ಧ ಅಲೆಕ್ಸಿಯಾ. ಪ್ಯಾರಿಸ್ಸಿನವನ ಕಾಯಿಲೆಯೇ, ಆದರೆ ಎರಡು ಲಿಪಿಗಳ ಮನುಷ್ಯನಲ್ಲಿ. ಅದೇ 1981ರಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬಿಬ್ಬರಿಗೆ ನೊಬೆಲ್ ಬಂತು. ಮಿದುಳಿನ ಹಿಂಭಾಗದ ಒಂದೊಂದು ಜೀವಕೋಶ ಒಂದೊಂದು ಓರೆಯ ಗೆರೆಗೆ ಮಾತ್ರ ಎಚ್ಚರಗೊಳ್ಳುತ್ತದೆ ಎಂದು ಬೆಕ್ಕುಗಳಲ್ಲಿ ತೋರಿಸಿದವರು ಅವರು. ನೊಬೆಲ್ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿರುತ್ತದೆ. ನಮ್ಮ ಅಕ್ಷರಮಾಲೆಗೆ ಈ ಶಾಸ್ತ್ರದಲ್ಲಿ ಒಂದು ಖಾತೆ ತೆರೆದ ಮೈಸೂರಿನ ಆ ಲೇಖನದ ಬಗ್ಗೆ ಕನ್ನಡದಲ್ಲಿ ಎಷ್ಟು ಜನ ಬರೆದಾರು? ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಖಾತೆ ತೆರೆದರು ಎಂದದ್ದು ಉತ್ಪ್ರೇಕ್ಷೆಯಲ್ಲ. ಇಂಗ್ಲಿಷ್ ಅಕ್ಷರಗಳು ರೇಷನ್ ಅಂಗಡಿಯ ಕ್ಯೂ ಇದ್ದಂತೆ, ಎಡದಿಂದ ಬಲಕ್ಕೆ ಒಂದರ ಹಿಂದೆ ಒಂದು. ಕನ್ನಡ ಬೆಳಗಿನ ವಿರಾರ್ ಲೋಕಲ್ ಇದ್ದಂತೆ. ತಲೆಯ ಮೇಲೊಬ್ಬ, ಕಾಲಡಿಯಲ್ಲೊಬ್ಬ, ಪಕ್ಕದಲ್ಲಿ ಜೋತುಬಿದ್ದವನೊಬ್ಬ. ‘ಸ್ತ್ರೀ’ ಎಂಬ ಒಂದಕ್ಷರದಲ್ಲಿ ಮೂರು ವ್ಯಂಜನ, ಒಂದು ದೀರ್ಘ ಸ್ವರ. ‘ಸೂರ್ಯ’ ಎಂಬ ಪದ ನೋಡಿ. ಬಾಯಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಕಾಗದದ ಮೇಲೆ ಯಕಾರ ಮೊದಲು ಕಾಣುತ್ತದೆ, ಅರ್ಕಾವೊತ್ತು ಅದರ ಹಿಂದೆ. ಕಣ್ಣಿಗೆ ಬಂದ ಸರದಿ ಬೇರೆ, ಬಾಯಿಗೆ ಬರಬೇಕಾದ ಸರದಿ ಬೇರೆ. ಒಂದನೇ ಕ್ಲಾಸಿನ ಮಗು ಇದನ್ನು ಬಿಡಿಸುತ್ತದಲ್ಲ, ಅದರ ಮಿದುಳು ಎಂಥ ಕೆಲಸ ಮಾಡುತ್ತಿದೆ ಎಂದು ನಮ್ಮ ಮಾಸ್ತರರು ಯೋಚಿಸಿರಲಾರರು, ಬೆತ್ತ ಹಿಡಿದು ಕಾಗುಣಿತ ಹೇಳಿಸುತ್ತಿದ್ದರು ಅಷ್ಟೇ.

ಇನ್ನೊಂದು ಕಡೆ ಕನ್ನಡ ಸುಲಭ. ಬರೆದಂತೆ ಓದು, ಓದಿದಂತೆ ಬರಹ. ಇಂಗ್ಲಿಷಿನಲ್ಲಿ ‘ಕರ್ನಲ್’ ಎಂಬ ಪದದ ಸ್ಪೆಲ್ಲಿಂಗಿಗೂ ಉಚ್ಚಾರಕ್ಕೂ ಸಂಬಂಧವಿಲ್ಲ, ಇಡೀ ಪದವನ್ನೇ ಬಾಯಿಪಾಠ ಮಾಡಬೇಕು. ಅದಕ್ಕೇ ಓದಿಗೆ ಎರಡು ದಾರಿ, ಒಂದು ಧ್ವನಿಯ ದಾರಿ, ಇನ್ನೊಂದು ಇಡೀ ಪದದ ದಾರಿ ಎಂದು ಇಂಗ್ಲಿಷಿನ ಆಧಾರದ ಮೇಲೆ ಶಾಸ್ತ್ರ ಕಟ್ಟಿದರು. ಕನ್ನಡದಂಥ ಲಿಪಿಗಳಿಗೆ ಅದು ಹಾಗೆಯೇ ಹೊಂದುತ್ತದೆಯೇ, ಇಂಗ್ಲಿಷ್ ರೋಗಿಗಳಲ್ಲಿ ಕಾಣುವ ಎಲ್ಲ ಬಗೆಯ ಓದಿನ ದೋಷಗಳೂ ಇಲ್ಲಿ ಕಾಣುತ್ತವೆಯೇ ಎಂಬ ಪ್ರಶ್ನೆಯನ್ನು ಪ್ರತಿಭಾ ಕಾರಂತರು ಬಿಡದೆ ಹಿಡಿದರು. 2003ರಲ್ಲಿ ಬೇರೆ ಬೇರೆ ಭಾಷೆಗಳ ಇಂಥ ಓದಿನ ತೊಂದರೆಗಳನ್ನು ಹೋಲಿಸಿ ಒಂದು ಪುಸ್ತಕವನ್ನೇ ಇಂಗ್ಲಿಷಿನಲ್ಲಿ ಬರೆದರು.

ಈಗ ನನಗೇಕೆ ಈ ಉಸಾಬರಿ ಎಂಬುದನ್ನು ಹೇಳುತ್ತೇನೆ.

ನಾವಿರುವ ಕಟ್ಟಡದಲ್ಲಿ ಕುಂದಾಪುರ ಕಡೆಯ ಒಬ್ಬ ಹಿರಿಯರಿದ್ದಾರೆ. ಚಿಕ್ಕಂದಿನಲ್ಲೇ ಬೊಂಬಾಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು, ಆಮೇಲೆ ಸ್ವಂತ ಹೋಟೆಲು ಮಾಡಿದವರು. ನಾವೆಲ್ಲ ಅಣ್ಣ ಅನ್ನುತ್ತೇವೆ. ಕೆಲವು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಕನ್ನಡ ಪೇಪರು ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದರು. “ಇದ್ಯಾವ ಭಾಷೆ ಪೇಪರ್ ಹಾಕಿ ಹೋದ ಮಾರಾಯಾ?” ಅಂದರು. ನನಗೆ ತಮಾಷೆ ಅನ್ನಿಸಲಿಲ್ಲ, ಅವರ ಮುಖ ಹಾಗಿತ್ತು. ಬಲಗಡೆ ನಿಂತಿದ್ದ ನನ್ನ ಹೆಂಡತಿಯನ್ನು ಅವರು ಗಮನಿಸಲೇ ಇಲ್ಲ. ಅವರ ಮಗನಿಗೆ ಫೋನು ಮಾಡಿ ಆಸ್ಪತ್ರೆಗೆ ಹೊರಡಿಸಿದೆವು. ಹಿಂದಿನ ದಿನ ಸಂಜೆಯಿಂದಲೇ ಹೀಗಿತ್ತಂತೆ, ಕನ್ನಡಕ ಒರೆಸಿಕೊಂಡು ಮಲಗಿದ್ದರಂತೆ. ಮಿದುಳಿನ ಎಡ ಹಿಂಭಾಗದಲ್ಲಿ ರಕ್ತ ಕಟ್ಟಿತ್ತು. (ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಇದ್ದಕ್ಕಿದ್ದಂತೆ ಓದು ನಿಂತರೆ, ದೃಶ್ಯದ ಒಂದು ಪಕ್ಕ ಕಾಣೆಯಾದರೆ ಕನ್ನಡಕದಂಗಡಿಗೆ ಹೋಗಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡುವಂಥದ್ದು.)

ಎರಡನೆಯ ದಿನ ನಾನು ವಾರ್ಡಿನಲ್ಲಿದ್ದೆ. ಆಸ್ಪತ್ರೆಯವರು ಒಂದು ಇಂಗ್ಲಿಷ್ ಹಾಳೆ ತೋರಿಸಿದರು, ಆಮೇಲೆ ಹಿಂದಿ ಹಾಳೆ. ಅಣ್ಣನಿಗೆ ಇಂಗ್ಲಿಷ್ ಓದು ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹಿಂದಿಯಲ್ಲಿ ಸ್ಟೇಷನ್ ಬೋರ್ಡಿನಷ್ಟು. ಎರಡಕ್ಕೂ ತಲೆಯಾಡಿಸಿದರು. ಎಷ್ಟು ಓದಿದ್ದೀರಿ ಎಂದು ಕೇಳಿದರೆ “ನಾಲ್ಕನೇ ಕ್ಲಾಸು” ಅಂದರು. ರಾತ್ರಿ ಶಾಲೆಯ ಮಾತು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೇಸ್ ಪೇಪರಿನಲ್ಲಿ ಓದುಬರಹ ಬಾರದವರು ಎಂದು ಬರೆದರು. ನಲವತ್ತು ವರ್ಷ ಕನ್ನಡದಲ್ಲಿ ರೋಜಿನ ಲೆಕ್ಕ ಬರೆದವರು, ಕಾರಂತರ ಕಾದಂಬರಿಗಳನ್ನು ಸಾಲಾಗಿ ಓದಿದವರು! ಅಕ್ಷರ ಕಳೆದುಕೊಂಡವನಿಗೂ ಅಕ್ಷರ ಕಲಿಯದವನಿಗೂ ಆ ಕಾಗದದಲ್ಲಿ ವ್ಯತ್ಯಾಸವೇ ಇರಲಿಲ್ಲ. ಓದೇ ಬಾರದವರಿಗೆ ಓದು ಮರಳಿಸುವ ಚಿಕಿತ್ಸೆಯನ್ನು ಯಾರು ಬರೆದುಕೊಡುತ್ತಾರೆ?

ನಾನು ಜೇಬಿನಿಂದ ಪೆನ್ನು ತೆಗೆದು ಕೈಗೆ ಕೊಟ್ಟು, “ಅಣ್ಣಾ, ಊರಿನ ವಿಳಾಸ ಬರೆಯಿರಿ” ಅಂದೆ. ಮನೆ ಹೆಸರು, ಗ್ರಾಮ, ಅಂಚೆ, ತಾಲೂಕು, ಪಿನ್‌ಕೋಡ್ ಸಮೇತ ಚೆಂದಕೆ ಬರೆದರು. ಹಾಳೆ ತಿರುಗಿಸಿ ಓದಿ ಅಂದರೆ, ಪಿನ್‌ಕೋಡ್ ಮಾತ್ರ ಓದಿದರು. ಉಳಿದದ್ದಕ್ಕೆ, “ಇದು ನಾನು ಬರೆದದ್ದೇ?” ಅಂದರು. ಅದನ್ನು ತೆಗೆದುಕೊಂಡು ಹೋಗಿ ಡ್ಯೂಟಿ ಡಾಕ್ಟರಿಗೆ ತೋರಿಸಿದೆವು. ಆಕೆ ಮರಾಠಿ ಹುಡುಗಿ, ಚುರುಕು. ಕನ್ನಡ ಗೊತ್ತಿಲ್ಲದಿದ್ದರೂ ವಿಷಯ ತಕ್ಷಣ ಅರ್ಥವಾಯಿತು. ಕೇಸ್ ಪೇಪರು ತಿದ್ದಲಾಯಿತು, ವಾಕ್ ಚಿಕಿತ್ಸೆಗೆ ಬರೆದುಕೊಟ್ಟರು. ನಾನು ಇದರ ಬೆನ್ನುಹತ್ತಿ ಓದಲು ಶುರು ಮಾಡಿದ್ದು ಆ ವಾರದಿಂದ.

ಮೈಸೂರಿನಲ್ಲಿ ಕನ್ನಡಕ್ಕೆಂದೇ ಭಾಷಾ ಪರೀಕ್ಷೆಗಳನ್ನು ಪ್ರತಿಭಾ ಕಾರಂತರು ಮತ್ತು ಅವರ ನಂತರದವರು ಮಾಡಿಟ್ಟಿದ್ದಾರೆ. ಮುಂಬಯಿಗೇನೂ ಈ ವಿದ್ಯೆ ಹೊಸದಲ್ಲ. ಇಲ್ಲಿನ ನಾಯರ್ ಆಸ್ಪತ್ರೆಯಲ್ಲಿ 1960ರ ದಶಕದಲ್ಲೇ ವಾಕ್ ಶ್ರವಣ ಶಿಕ್ಷಣ ಶುರುವಾಗಿತ್ತು. ಬಾಂದ್ರಾದಲ್ಲಿ 1983ರಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಬಂತು. ತಜ್ಞರಿಗೆ ಕೊರತೆಯಿಲ್ಲ. ಆದರೆ ರೋಗಿ ಯಾವ ಲಿಪಿಯಲ್ಲಿ ಓದುತ್ತಿದ್ದ ಎಂದು ಮೊದಲ ದಿನವೇ ಹೇಳಬೇಕಾದವರು ಮನೆಯವರು. ಇಲ್ಲಿ ಇನ್ನೊಂದು ತೊಡಕು. ಅಣ್ಣನ ಮೊಮ್ಮಕ್ಕಳು ಕುಂದಾಪುರದ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರಿಗೆ ತಾತನ ಪೇಪರು ಎಂದೂ ಸುರುಳಿ ಸುರುಳಿ ಚಿತ್ರವೇ.

ಈ ಮಕ್ಕಳು ಕನ್ನಡದ ಬೋರ್ಡು ನೋಡಿದಾಗ ಕಾಣುವುದೂ ನಾವು ಕಾಣುವುದೂ ಒಂದೇ ಅಲ್ಲ. ಇದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ಅರುಣ್ ಮತ್ತು ಸಂಗಡಿಗರು ತೆಲುಗು ಮತ್ತು ಮಲಯಾಳಂ ಓದುಗರ ಮೇಲೆ ಪ್ರಯೋಗ ಮಾಡಿ 2019ರಲ್ಲಿ ತೋರಿಸಿದರು. ಎರಡಕ್ಷರ ಜೊತೆಗಿಟ್ಟಾಗ, ಲಿಪಿ ಬಲ್ಲವರ ಮಿದುಳು ಅದನ್ನು ಬಿಡಿ ಅಕ್ಷರಗಳಾಗಿ ಒಡೆದು ಕಾಣುತ್ತದೆ. ಬಾರದವರಿಗೆ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡೇ ಇರುತ್ತವೆ. ಅದೇ ವರ್ಷ ಲಖನೌ ಸುತ್ತಲಿನ ಹಳ್ಳಿಗಳಲ್ಲಿ ಓದು ಬಂದವರನ್ನೂ ಬಾರದವರನ್ನೂ ಹೋಲಿಸಿದ ಇನ್ನೊಂದು ಅಧ್ಯಯನ ಬಂತು. ಓದು ಕಲಿತರೆ ಅಕ್ಷರವು ಮಿದುಳಿನಲ್ಲಿ ಮುಖದ ಜಾಗ ಕಬಳಿಸುತ್ತದೆ ಎಂಬ ಅನುಮಾನ ಮೊದಲಿನಿಂದಲೂ ಇತ್ತು. ಹಾಗೆ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ, ಇದ್ದ ಜಾಗದಲ್ಲೇ ಅಕ್ಷರಕ್ಕೂ ಎಡೆಯಾಗುತ್ತದೆ ಎಂದು ಅವರು ಕಂಡರು. ಮುಂಬಯಿಯ ಚಾಳಿನಲ್ಲಿ ಇದ್ದು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಣ್ಣ ಈಗ ಒಂದು ಹೊಸ ಬಗೆಯಲ್ಲಿ ಓದುತ್ತಾರೆ. ದಪ್ಪ ತಲೆಬರಹದ ಅಕ್ಷರದ ಮೇಲೆ ತೋರುಬೆರಳಿನಿಂದ ಗೆರೆ ಎಳೆಯುತ್ತಾ ಹೋಗುವುದು. ಕಣ್ಣಿಗೆ ತಿಳಿಯದ್ದು ಬೆರಳಿಗೆ ತಿಳಿಯುತ್ತದೆ, ಬರೆಯುವ ದಾರಿ ಸರಿಯಿದೆಯಲ್ಲ. ಪ್ಯಾರಿಸ್ಸಿನ ವ್ಯಾಪಾರಿಯೂ ಹೀಗೆ ಬೆರಳಾಡಿಸಿ ಅಕ್ಷರ ಹೇಳುತ್ತಿದ್ದನಂತೆ. ಒಂದು ತಲೆಬರಹಕ್ಕೆ ಅಣ್ಣನಿಗೆ ಐದು ನಿಮಿಷ ಬೇಕು. ಒತ್ತಕ್ಷರ ಬಂದರೆ ಇನ್ನೂ ಹೆಚ್ಚು, ಮೇಲಿನದು ಮುಗಿಸಿ ಬೆರಳನ್ನು ಕೆಳಗಿಳಿಸಬೇಕು. ಕಿರಿಯ ಮೊಮ್ಮಗಳು ಪಕ್ಕದಲ್ಲಿ ಕೂತು ಬೆರಳು ಹೋದ ದಾರಿ ನೋಡುತ್ತಾಳೆ. ಹಾಗೆ ನೋಡಿ ನೋಡಿಯೇ ಅವಳಿಗೆ ಈಗ ‘ಮಳೆ’ ಮತ್ತು ‘ಬೆಲೆ’ ಎಂಬ ಎರಡು ಪದ ಓದಲು ಬರುತ್ತದೆ. ಮುಂಬಯಿಯ ಪೇಪರಿನಲ್ಲಿ ಜಾಸ್ತಿ ಬರುವುದು ಅವೆರಡೇ.